ಆಂಬುಲೆನ್ಸ್ ಎಲ್ಲಿ ನಿಂತಿದೆ ನೋಡಿ, ಆಮೇಲೆ ಟಿಕೆಟ್ ತಗೊಳ್ಳಿ

ನ್ಯೂಜೆರ್ಸಿಯಲ್ಲಿ ಒಂದು, ಡೆಲವೇರ್ ನದಿ ದಾಟಿ ಫಿಲಡೆಲ್ಫಿಯಾದಲ್ಲಿ ಇನ್ನೊಂದು. ಎರಡು ವಾರದ ಅಂತರದಲ್ಲಿ ಎರಡು ರೆಸ್ಲಿಂಗ್ ಶೋ ನೋಡಿ ಬಂದೆ. ಎರಡಕ್ಕೂ ಸೇರಿಸಿ ಒಂದೇ ವಿಮರ್ಶೆ ಬರೆಯುತ್ತಿದ್ದೇನೆ, ಬಿಡಿಬಿಡಿಯಾಗಿ ಬರೆದರೆ ನಾನು ಹೇಳಬೇಕೆಂದಿರುವುದು ತಲುಪುವುದಿಲ್ಲ.

ಇವು ಟಿವಿಯಲ್ಲಿ ಬರುವ ದೊಡ್ಡ ಕಂಪನಿಯ ಶೋಗಳಲ್ಲ. ಇಲ್ಲಿನವರು ಇದಕ್ಕೆ ಇಂಡಿ ರೆಸ್ಲಿಂಗ್ ಅನ್ನುತ್ತಾರೆ. ವಾರವಿಡೀ ಗೋದಾಮಿನಲ್ಲಿ ಡಬ್ಬಿ ಎತ್ತುವ, ಶಾಲೆಯಲ್ಲಿ ಪಿ.ಟಿ. ಮಾಡಿಸುವ ಹುಡುಗರು ಶನಿವಾರ ರಾತ್ರಿ ಮಿಂಚುವ ಚಡ್ಡಿ ಹಾಕಿಕೊಂಡು ಇನ್ನೂರು ಜನರ ಮುಂದೆ ಹಾರಿ ಬೀಳುತ್ತಾರೆ. ನನ್ನ ಮಗನಿಗೆ ಹದಿಮೂರು ವರ್ಷ, ಇದರ ಹುಚ್ಚು. ನನಗೆ ಮೊದಮೊದಲು ಕಾರು ಓಡಿಸುವ ಕೆಲಸ ಮಾತ್ರ ಇತ್ತು.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಯಾವ ಕಣ್ಣಿನಿಂದ ನೋಡಿದೆ ಅನ್ನುವುದು ಇಲ್ಲಿ ಮುಖ್ಯ. ಊರು ದಾವಣಗೆರೆ. ಈಗಿರುವುದು ನ್ಯೂಜೆರ್ಸಿಯ ಎಡಿಸನ್ ಊರಿನ ಪಕ್ಕ. ಕೆಲಸ ಫಿಸಿಯೋಥೆರಪಿ, ಅದರಲ್ಲೂ ಕತ್ತು ಮತ್ತು ಬೆನ್ನು. ಅಮ್ಮನ ಅಪ್ಪ, ಅಂದರೆ ನನ್ನ ಅಜ್ಜ, ಹತ್ತಿ ಗಿರಣಿಯಲ್ಲಿ ಪಾಳಿ ಮುಗಿಸಿ ಸೀದಾ ಗರಡಿ ಮನೆಗೆ ಹೋಗುತ್ತಿದ್ದವರು. ದುಗ್ಗಮ್ಮನ ಜಾತ್ರೆಯ ಬಯಲು ಜಂಗೀ ಕುಸ್ತಿಯಲ್ಲಿ ಗೆದ್ದ ಬೆಳ್ಳಿ ಕಡಗ ಒಂದಿತ್ತು. ಅದು ಮನೆಯ ಒಂದು ಮದುವೆಗೆ ಕರಗಿಹೋಯಿತು, ಆ ಕಥೆ ಬೇರೆ.

ಮೊದಲು ನ್ಯೂಜೆರ್ಸಿಯ ಶೋ. ನಡೆಸಿದವರ ಹೆಸರು ಹಾಕುವುದಿಲ್ಲ. ಹಳೆಯ ಸೈನಿಕರ ಸಂಘದ ಹಾಲ್, ಟಿಕೆಟ್ 25 ಡಾಲರ್, ಮಗನಿಗೆ 10. ಬಾಗಿಲಲ್ಲಿ ನಗದು ಕೊಟ್ಟರೆ ಮಣಿಕಟ್ಟಿನ ಮೇಲೆ ಒಂದು ಮುದ್ರೆ. ಮಡಚುವ ಕುರ್ಚಿ, ಪಾಪ್‌ಕಾರ್ನ್ ವಾಸನೆ, ಗೋಡೆಯ ಮೇಲೆ ತೀರಿಹೋದ ಸೈನಿಕರ ಫೋಟೊಗಳು. ತಿನ್ನಲು ತಣ್ಣಗಾದ ಪ್ರೆಟ್ಜೆಲ್. ಕುಸ್ತಿ ನೋಡುವಾಗ ಕೈಯಲ್ಲಿ ಮಂಡಕ್ಕಿ-ಮೆಣಸಿನಕಾಯಿ ಇರಬೇಕು ಅನ್ನುವ ಊರಿನವನಿಗೆ ಇದು ದೊಡ್ಡ ಕೊರತೆ.

ರಿಂಗನ್ನು ಹತ್ತಿರದಿಂದ ನೋಡಿರದವರಿಗೆ ಹೇಳುತ್ತೇನೆ. ಕಬ್ಬಿಣದ ತೊಲೆ, ಅದರ ಮೇಲೆ ಪ್ಲೈವುಡ್, ಅದರ ಮೇಲೆ ತೆಳ್ಳನೆಯ ಫೋಮ್, ಕೊನೆಗೆ ಬಿಗಿದು ಕಟ್ಟಿದ ಕ್ಯಾನ್ವಾಸ್. ಗರಡಿಯ ಮಣ್ಣಿನ ಅಂಕಣಕ್ಕೂ, ಅಂದರೆ ಮಟ್ಟಿಗೂ, ಇದಕ್ಕೂ ಹೋಲಿಕೆಯೇ ಇಲ್ಲ. ಕೆಮ್ಮಣ್ಣು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ ಕಲಸಿ, ದಿನಾ ಸನಿಕೆಯಲ್ಲಿ ಅಗೆದು ಮೆತ್ತಗೆ ಇಟ್ಟುಕೊಂಡ ಮಣ್ಣಿನ ಮೇಲೆ ಬಿದ್ದರೆ ಮಣ್ಣು ತಾನೇ ಅರ್ಧ ಪೆಟ್ಟು ತಿನ್ನುತ್ತದೆ. ಇಲ್ಲಿ ಪ್ಲೈವುಡ್ ಧಡ್ ಅಂತ ಕೂಗುತ್ತದೆ, ಪೆಟ್ಟು ಪೂರ್ತಿ ಬೆನ್ನಿಗೇ. ರಿಂಗಿನ ಹೊರಗೆ ಸಿಮೆಂಟು ನೆಲ, ಅದರ ಮೇಲೆ ಮಕ್ಕಳು ಪಲ್ಟಿ ಹೊಡೆಯುವ ನೀಲಿ ಚಾಪೆ. ಎರಡು ಬೆರಳಿನ ದಪ್ಪ ಇದ್ದರೆ ಹೆಚ್ಚು.

ಆಟ ಹೇಗಿತ್ತು? ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ಮೂರನೇ ಪಂದ್ಯಕ್ಕೆ ಐವತ್ತು ದಾಟಿದ ಒಬ್ಬರು ಬಂದರು. ಎಡ ಮೊಣಕಾಲಿನ ಕಥೆ ಮುಗಿದಿದೆ ಅಂತ ಬಾಗಿಲಿಂದ ರಿಂಗಿನವರೆಗಿನ ನಡಿಗೆಯಲ್ಲೇ ನನಗೆ ಗೊತ್ತಾಯಿತು. ಆತ ಹಾರಲಿಲ್ಲ, ಓಡಲಿಲ್ಲ. ಬರೀ ಕೈ ಎತ್ತಿ, ಜನರ ಕಡೆ ತಿರುಗಿ, ಮತ್ತೆ ಇಳಿಸಿ, ಹತ್ತು ನಿಮಿಷ ಇಡೀ ಹಾಲನ್ನು ಕುಣಿಸಿದ. ಒಂದೇ ಸಲ ಬಿದ್ದ. ಆ ಒಂದು ಬೀಳುವಿಕೆಗೆ ಜನ ಕುರ್ಚಿ ಬಿಟ್ಟು ಎದ್ದು ನಿಂತರು. ಅಜ್ಜ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಒಪ್ಪಂದದ ಕುಸ್ತಿ ಅಂದರೆ ಅವರಿಗೆ ಬೈಗುಳ. ಜಾತ್ರೆಯಲ್ಲಿ ಇಬ್ಬರು ಪೈಲ್ವಾನರು ಸುಮ್ಮನೆ ಕೈ ಕೈ ಹಿಡಿದು ನಿಂತರೆ ‘ಬಿಡಿಸ್ರೀ ಅವರ್ನ, ಡ್ಯಾನ್ಸ್ ಮಾಡಾಕ್ ಬಂದಾರ’ ಅಂತ ಸುತ್ತಲಿಂದ ಕೂಗು ಬೀಳುತ್ತಿತ್ತು, ತೀರ್ಪು ಕೊಡುವ ಪಂಚರು ಎಳೆದು ಹೊರಗೆ ಹಾಕುತ್ತಿದ್ದರು. ಇಲ್ಲಿ ಒಪ್ಪಂದವೇ ವಿದ್ಯೆ. ತನ್ನ ಕತ್ತನ್ನು ಎದುರಾಳಿಯ ಕೈಗೆ ಕೊಟ್ಟು ಬೀಳುವುದು, ಕೊಟ್ಟ ಕತ್ತನ್ನು ಎದುರಾಳಿ ಕಾಪಾಡಿ ನೆಲಕ್ಕೆ ಇಳಿಸುವುದು. ಇದನ್ನು ಸುಳ್ಳು ಅನ್ನುವುದು ನನ್ನಿಂದ ಈಗ ಆಗುವುದಿಲ್ಲ.

ಐದನೇ ಪಂದ್ಯದಲ್ಲಿ ಆದದ್ದು ಇದು. ನಾಲ್ವರ ಆಟ. ಅವರಲ್ಲಿ ಚಿಕ್ಕವನು, ಇಪ್ಪತ್ತೆರಡರ ಆಸುಪಾಸಿನ ಹುಡುಗ, ರಿಂಗಿನೊಳಗಿಂದ ಓಡಿ ಬಂದು ಹಗ್ಗಗಳ ನಡುವೆ ಬಾಣದ ಹಾಗೆ ಹೊರಗೆ ನುಗ್ಗಿದ. ಹಿಡಿಯಬೇಕಾದವನು ಒಂದು ಹೆಜ್ಜೆ ಹಿಂದಿದ್ದ. ಹುಡುಗನ ಎದೆ ಕೈಗೆ ಸಿಕ್ಕಿತು, ತಲೆ ಸಿಗಲಿಲ್ಲ. ನೀಲಿ ಚಾಪೆಯ ಅಂಚಿಗೆ ನೆತ್ತಿ ಬಡಿದು ಕತ್ತು ಮಡಚಿತು. ಎರಡನೇ ಸಾಲಿನಲ್ಲಿ ಕೂತ ನನಗೆ ಆ ಸದ್ದು ಕೇಳಿಸಿತು. ಕೆಲಸದಲ್ಲಿ ಆ ಸದ್ದಿನ ಪರಿಣಾಮ ನೋಡುತ್ತೇನೆಯೇ ಹೊರತು ಸದ್ದನ್ನು ಕೇಳಿದ್ದು ಅದೇ ಮೊದಲು.

ಜನ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ರೆಫ್ರಿ ಎರಡೂ ಕೈಯನ್ನು ತಲೆಯ ಮೇಲೆ ಗುಣಿಸು ಚಿಹ್ನೆಯ ಹಾಗೆ ಅಡ್ಡ ಹಿಡಿದ. ‘ಅಪ್ಪಾ, ಅದು ನಿಜ. ಹಂಗೆ ಮಾಡಿದ್ರೆ ನಿಜವಾಗ್ಲೂ ಪೆಟ್ಟಾಗಿದೆ ಅಂತ’ ಅಂದ ಮಗ. ನಾನೆದ್ದೆ. ಕಪ್ಪು ಅಂಗಿಯ ಕಾವಲಿನವನು ಅಡ್ಡ ಬಂದು, ಇದೆಲ್ಲ ಶೋ ಸರ್, ಕೂತ್ಕೊಳ್ಳಿ ಅಂದ. ಅವನ ತಪ್ಪಲ್ಲ. ಅವನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ.

ಹುಡುಗನ ತಲೆ ಹಿಡಿದು ಮಂಡಿಯೂರಿ ಕೂತಿದ್ದವನು ಆ ಪಂದ್ಯದ ಖಳ. ಮುಖಕ್ಕೆಲ್ಲ ಕೆಂಪು-ಕಪ್ಪು ಬಣ್ಣ, ಆಗಷ್ಟೇ ಮುಂದಿನ ಸಾಲಿನ ಮಕ್ಕಳನ್ನು ಬೈದು ಹೆದರಿಸಿದ್ದ. ಈಗ ಆ ಬಣ್ಣ ಕಣ್ಣೀರಿಗೆ ಇಳಿಯುತ್ತಿತ್ತು. ಅವನ ಕೈಯಿಂದ ತಲೆಯನ್ನು ಹಾಗೇ ಅಲುಗದಂತೆ ನನ್ನ ಕೈಗೆ ತೆಗೆದುಕೊಂಡೆ. ಬೆರಳು ಆಡಿಸು ಅಂದೆ, ಆಡಿಸಿದ. ಕಾಲ್ಬೆರಳು ಅಂದೆ. ಬೂಟಿನೊಳಗೆ ಏನಾಯಿತೋ ಕಾಣಲಿಲ್ಲ, ಆಮೇಲೆ ಪಾದ ಅಲ್ಲಾಡಿತು. ಆಗ ನನಗೆ ಉಸಿರು ಬಂತು. ತುರ್ತು ನಂಬರ್ 911ಕ್ಕೆ ಫೋನ್ ಮಾಡಿದ್ದು ಟೀ ಶರ್ಟ್ ಮಾರುತ್ತಿದ್ದ ಹುಡುಗಿ. ಆಂಬುಲೆನ್ಸ್ ಬರಲು ಹದಿನೇಳು ನಿಮಿಷ. ಆ ಹದಿನೇಳು ನಿಮಿಷದಲ್ಲಿ ಪ್ರಮೋಟರ್, ಅಂದರೆ ಶೋ ನಡೆಸುವವನು, ಮೈಕ್ ಹಿಡಿದು, ಹಾಡಿನ ಸದ್ದು ತಗ್ಗಿಸಿ, ರಿಂಗಿನ ಆ ಕಡೆ ಮುಂದಿನ ಪಂದ್ಯ ಶುರು ಮಾಡಿಸಿದ. ನನ್ನ ತಲೆಯ ಮೇಲೆ ಪ್ಲೈವುಡ್ ಧಡ್ ಧಡ್ ಅನ್ನುತ್ತಿತ್ತು. ನಕ್ಷತ್ರ ಕಡಿಮೆ ಮಾಡಿದ್ದು ಬಿದ್ದದ್ದಕ್ಕಲ್ಲ, ಇದಕ್ಕೆ.

ಹುಡುಗ ಚೆನ್ನಾಗಿದ್ದಾನೆ. ಮೂಳೆ ಮುರಿದಿಲ್ಲ, ತಲೆಗೆ ಪೆಟ್ಟು, ಆರು ವಾರ ಹಗ್ಗದ ಹತ್ತಿರ ಹೋಗಬಾರದು ಅಂದಿದ್ದಾರೆ ಅಂತ ಆಮೇಲೆ ಸಂದೇಶ ಕಳಿಸಿದ. ಆ ರಾತ್ರಿಯ ಸಂಬಳ ಎಷ್ಟು ಅಂತ ಕೇಳಿದೆ. 50 ಡಾಲರ್. ಆಸ್ಪತ್ರೆಯ ಬಿಲ್ಲು ಯಾರು ಕಟ್ಟುತ್ತಾರೆ ಅಂದದ್ದಕ್ಕೆ ನಗುವ ಮುಖವೊಂದು ಬಂತು.

ಇದು ಬಡ ಹಾಲುಗಳ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಡ್ಯಾರೆನ್ ಡ್ರೊಜ್ಡೊವ್ ಇದೇ ನ್ಯೂಜೆರ್ಸಿಯವನು, ಡೆನ್ವರ್ ಬ್ರಾಂಕೋಸ್‌ಗೆ ಫುಟ್‌ಬಾಲ್ ಆಡಿ ಆಮೇಲೆ ದೊಡ್ಡ ಕಂಪನಿಯ ರೆಸ್ಲರ್ ಆದವನು. 1999ರ ಅಕ್ಟೋಬರ್ 5ರಂದು ನ್ಯೂಯಾರ್ಕ್‌ನ ನ್ಯಾಸೊ ಕಲಿಸಿಯಂನಲ್ಲಿ, ಟಿವಿ ಚಿತ್ರೀಕರಣದ ನಡುವೆ, ನೂರಾರು ಸಲ ಮಾಡಿದ ಒಂದು ಪಟ್ಟು ತಪ್ಪಿತು. ಕತ್ತು ಮುರಿಯಿತು. 2023ರಲ್ಲಿ ತೀರಿಕೊಳ್ಳುವವರೆಗೆ ಗಾಲಿಕುರ್ಚಿಯಲ್ಲಿದ್ದ. ಎದುರಾಳಿಯ ಮೇಲೆ ಆತನಿಗೆ ಸಿಟ್ಟಿರಲಿಲ್ಲ. ಅದೂ ಒಪ್ಪಂದದ ಪಂದ್ಯವೇ.

ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ, ಕೂತು ಓದಿದೆ. ನ್ಯೂಜೆರ್ಸಿಯಲ್ಲಿ ಒಂದು ಕಾಲಕ್ಕೆ ರೆಸ್ಲಿಂಗೂ ಬಾಕ್ಸಿಂಗಿನ ಹಾಗೆ ರಾಜ್ಯದ ಮಂಡಳಿಯ ಕೆಳಗಿತ್ತು. ರೆಸ್ಲರ್‌ಗೆ ಲೈಸೆನ್ಸ್, ರೆಫ್ರಿಗೆ ಲೈಸೆನ್ಸ್, ಪಂದ್ಯಕ್ಕೆ ಮುಂಚೆ ವೈದ್ಯರ ತಪಾಸಣೆ. 1989ರಲ್ಲಿ ರಾಜ್ಯದ ಸೆನೆಟ್ ಮುಂದೆ ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ) ಅನ್ನುವ ಆ ದೊಡ್ಡ ಕಂಪನಿಯ ಕಡೆಯವರು ಒಂದು ವಾದ ಇಟ್ಟರು: ಇದು ನಿಜವಾದ ಸ್ಪರ್ಧೆಯಲ್ಲ, ಪ್ರೇಕ್ಷಕರ ಮನರಂಜನೆಗಾಗಿ ನಡೆಯುವ ಸೆಣಸಾಟ, ಹಾಗಾಗಿ ಕ್ರೀಡಾ ಮಂಡಳಿಗೆ ಇಲ್ಲೇನು ಕೆಲಸ? ದಶಕಗಳಿಂದ ಇದು ನಿಜ ಇದು ನಿಜ ಅಂತ ಆಣೆ ಹಾಕಿದವರು. 1984ರಲ್ಲಿ, ಇದೆಲ್ಲ ಸುಳ್ಳಲ್ಲವೇ ಅಂತ ಕೇಳಿದ ಟಿವಿ ವರದಿಗಾರ ಜಾನ್ ಸ್ಟಾಸೆಲ್‌ಗೆ ಡೇವಿಡ್ ಶಲ್ಟ್ಸ್ ಅನ್ನುವ ರೆಸ್ಲರ್ ಎರಡೂ ಕಿವಿಗೆ ಬಾರಿಸಿದ್ದ. ಐದು ವರ್ಷ ಕಳೆಯುವುದರಲ್ಲಿ ಕಂಪನಿಯ ಕಡೆಯವರೇ ಸೆನೆಟ್‌ಗೆ ಹೋಗಿ ಹೌದು ಸುಳ್ಳು ಅಂದರು. ಕಪಾಳಮೋಕ್ಷ ತಿಂದವನು ಏನಂದುಕೊಂಡನೋ. ಮಂಡಳಿಯ ಹಿಡಿತ ಹೋಯಿತು, 1997ರಲ್ಲಿ ರೆಸ್ಲಿಂಗ್ ಮೇಲಿದ್ದ ರಾಜ್ಯದ ತೆರಿಗೆಯೂ ಹೋಯಿತು. ಆ ಖುಷಿಗೆ ಗವರ್ನರ್ ಕ್ರಿಸ್ಟಿನ್ ಟಾಡ್ ವಿಟ್ಮನ್ ಆ ವರ್ಷದ ಸಮ್ಮರ್‌ಸ್ಲ್ಯಾಮ್ ಶೋಗೆ ತಾವೇ ಬಂದಿದ್ದರು.

ನ್ಯೂಯಾರ್ಕ್ ಇದಕ್ಕೂ ಮುಂಚೆಯೇ ಜಾಣತನ ಮಾಡಿತ್ತು. 1930ರ ದಶಕದಲ್ಲೇ ಅಲ್ಲಿನ ಕ್ರೀಡಾ ಕಮಿಷನ್, ರೆಸ್ಲಿಂಗ್ ಪೋಸ್ಟರ್‌ಗಳಲ್ಲಿ ಪಂದ್ಯ ಅನ್ನಬೇಡಿ, ಪ್ರದರ್ಶನ ಅನ್ನಿ ಅಂತ ತಾಕೀತು ಮಾಡಿತ್ತು. ಅಂದರೆ ಟಿಕೆಟ್ ಕೊಂಡವನು ಮೋಸ ಹೋಗಬಾರದು ಅನ್ನುವ ಚಿಂತೆ. ನೋಡಿ, ಮೊದಲಿನಿಂದಲೂ ಸರ್ಕಾರದ ಪ್ರಶ್ನೆ ಒಂದೇ: ಇದು ನಿಜವೋ ಸುಳ್ಳೋ? ನಿಜವಾದರೆ ನಮ್ಮ ಹೊಣೆ, ಸುಳ್ಳಾದರೆ ನಿಮ್ಮ ಪಾಡು. ನನಗೆ ತಲೆಕೆಡುವುದು ಇಲ್ಲೇ. ನ್ಯೂಜೆರ್ಸಿಯ ಜ್ಯಾಕ್ಸನ್‌ನಲ್ಲಿರುವ ಮನರಂಜನಾ ಪಾರ್ಕ್ ಸಿಕ್ಸ್ ಫ್ಲ್ಯಾಗ್ಸ್‌ಗೆ ಹೋಗಿ. ಅಲ್ಲಿನ ರೋಲರ್ ಕೋಸ್ಟರ್‌ನಷ್ಟು ಒಪ್ಪಂದದ ಭಯ ಬೇರೆ ಯಾವುದಿದೆ? ಬೀಳುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ನ್ಯೂಜೆರ್ಸಿ ಸರ್ಕಾರ ಅದನ್ನು ತಪಾಸಣೆ ಮಾಡಿ ಪರವಾನಗಿ ಕೊಡುತ್ತದೆ, ಜಾತ್ರೆಯ ತಿರುಗುಣಿಗೂ ಕೊಡುತ್ತದೆ. ಇದು ಮನರಂಜನೆ, ಹಾಗಾಗಿ ನಟ್ಟು ಬೋಲ್ಟು ನೋಡಲ್ಲ ಅನ್ನುವುದಿಲ್ಲ. ಕ್ಷೌರ ಮಾಡಲು ಲೈಸೆನ್ಸ್ ಬೇಕು. ನಾನು ಒಬ್ಬರ ಮೊಣಕಾಲು ಮುಟ್ಟಬೇಕಾದರೆ ಪರೀಕ್ಷೆ ಪಾಸಾಗಿರಬೇಕು, ಎರಡು ವರ್ಷಕ್ಕೊಮ್ಮೆ ಮುಂದುವರಿದ ಕಲಿಕೆಯ 30 ಕ್ರೆಡಿಟ್ ತೋರಿಸಿ ಲೈಸೆನ್ಸ್ ಹೊಸದು ಮಾಡಿಸಬೇಕು. ಒಬ್ಬನನ್ನು ತಲೆಕೆಳಗೆ ಎತ್ತಿ ಪ್ಲೈವುಡ್‌ಗೆ ಕುಕ್ಕಲು?

ಎರಡನೇ ಶೋಗೆ ಹೋಗಿದ್ದು ಇದೇ ಸಿಟ್ಟಿನಲ್ಲಿ. ಫಿಲಡೆಲ್ಫಿಯಾದ ದಕ್ಷಿಣಕ್ಕೆ, ಹೆದ್ದಾರಿಯ ಪಕ್ಕ ಇರುವ 2300 ಅರೆನಾ. ಹಳೆಯ ಬಿಂಗೊ ಹಾಲ್. 1990ರ ದಶಕದಲ್ಲಿ ಇಸಿಡಬ್ಲ್ಯು ಅನ್ನುವ ರಕ್ತಸಿಕ್ತ ರೆಸ್ಲಿಂಗಿನ ತವರುಮನೆ ಇದು, ಹುಚ್ಚು ಹಿಡಿದವರಿಗೆ ತೀರ್ಥಕ್ಷೇತ್ರ. ಮಗ ಬಾಗಿಲ ಹತ್ತಿರ ನಿಂತು ನೆಲ ಮುಟ್ಟಿ ನಮಸ್ಕಾರ ಮಾಡಿದ, ಗರಡಿಯ ಮಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡ ಹಾಗೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಪೆನ್ಸಿಲ್ವೇನಿಯಾದಲ್ಲಿ ರೆಸ್ಲಿಂಗ್ ಇವತ್ತಿಗೂ ರಾಜ್ಯದ ಅಥ್ಲೆಟಿಕ್ ಕಮಿಷನ್ ಕೈಯಲ್ಲಿದೆ. ಪ್ರಮೋಟರ್‌ಗೆ ಲೈಸೆನ್ಸ್ ಬೇಕು, ಶೋನಲ್ಲಿ ಡಾಕ್ಟರ್ ಇರಬೇಕು, ಟಿಕೆಟ್ ಹಣದಲ್ಲಿ ರಾಜ್ಯಕ್ಕೆ ಪಾಲು ಹೋಗಬೇಕು. ನಾನು ಒಳಗೆ ಹೋಗುವ ಮುಂಚೆ ಕಟ್ಟಡದ ಸುತ್ತ ಒಂದು ಸುತ್ತು ಹಾಕಿದೆ. ಪಕ್ಕದ ಬಾಗಿಲಿಗೆ ಹಿಮ್ಮುಖವಾಗಿ ನಿಲ್ಲಿಸಿದ ಆಂಬುಲೆನ್ಸ್ ಇತ್ತು, ಒಳಗಿನ ಇಬ್ಬರು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ರಿಂಗಿನ ಪಕ್ಕದ ಮೇಜಿನಲ್ಲಿ ವಯಸ್ಸಾದ ಒಬ್ಬ ಡಾಕ್ಟರು ಚೀಲ ಇಟ್ಟುಕೊಂಡು ಕೂತಿದ್ದರು. ಮುಕ್ಕಾಲು ಪಾಲು ಸಮಯ ಫೋನ್ ನೋಡುತ್ತಿದ್ದರು ಅನ್ನುವುದನ್ನೂ ಹೇಳಬೇಕು. ಆದರೆ ಎರಡನೇ ಪಂದ್ಯದಲ್ಲಿ ಒಬ್ಬನ ಹುಬ್ಬು ಸೀಳಿ ರಕ್ತ ಬಂದಾಗ ಫೋನ್ ಕೆಳಗಿಟ್ಟು, ಕೈಗವಸು ಹಾಕಿಕೊಂಡು, ಎದ್ದು ಹೋಗಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಹೆಬ್ಬೆರಳು ಎತ್ತಿದರು. ಹದಿನೈದು ಸೆಕೆಂಡಿನ ಕೆಲಸ. ಕಾವಲಿನವನು ಯಾರನ್ನೂ ಕೂರಿಸುವ ಪ್ರಮೇಯ ಬರಲಿಲ್ಲ.

ಹಾಗಾದರೆ ಲೈಸೆನ್ಸೇ ಮದ್ದು ಅಂತ ಹೇಳಿ ಮುಗಿಸಿಬಿಡಬಹುದಿತ್ತು. ಆದರೆ ಇದೇ ಪೆನ್ಸಿಲ್ವೇನಿಯಾದ ಇನ್ನೊಬ್ಬ ಡಾಕ್ಟರ ಕಥೆಯಿದೆ. ಜಾರ್ಜ್ ಜಹೋರಿಯನ್, ಹ್ಯಾರಿಸ್‌ಬರ್ಗ್‌ನವರು. 1980ರ ದಶಕದಲ್ಲಿ ರೆಸ್ಲರ್‌ಗಳ ಬಿಪಿ ನೋಡಲು ರಾಜ್ಯದ ಕಮಿಷನ್ನೇ ನೇಮಿಸಿದ್ದ ವೈದ್ಯ. ಆ ಮನುಷ್ಯ ಡ್ರೆಸ್ಸಿಂಗ್ ರೂಮಿಗೆ ಚೀಲ ತಂದು ಸ್ಟೆರಾಯ್ಡ್ ಮಾರುತ್ತಿದ್ದ. 1991ರಲ್ಲಿ ತಪ್ಪಿತಸ್ಥ ಅಂತ ತೀರ್ಪಾಗಿ ಜೈಲಿಗೆ ಹೋದ. ಬೇಲಿಯೇ ಎದ್ದು ಹೊಲ ಮೇಯುವುದು ಅನ್ನುತ್ತೇವಲ್ಲ, ಅದು ಸರ್ಕಾರಿ ಮೊಹರಿನ ಸಮೇತ. ಲೈಸೆನ್ಸ್ ಬೇಡ ಅನ್ನುವವರು ಈ ಕಥೆಯನ್ನು ಮೊದಲು ತೆಗೆಯುತ್ತಾರೆ, ತೆಗೆಯಲಿ. ಡ್ರೊಜ್ಡೊವ್ ಕತ್ತು ಮುರಿದದ್ದೂ ಕಮಿಷನ್ ಇದ್ದ ರಾಜ್ಯದಲ್ಲೇ.

ಊರಿಗೆ ಫೋನ್ ಮಾಡಿದಾಗ ಅಪ್ಪಾಜಿಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: ‘ಪಂಚರು ಯಾರಿದ್ರಪ್ಪ ಅಲ್ಲಿ?’

ಯಾರೂ ಇರಲಿಲ್ಲ ಅಂದೆ. ರೆಫ್ರಿ ಇದ್ದ, ಆದರೆ ಅವನೂ ಪ್ರಮೋಟರ್ ಕೊಡುವ ಸಂಬಳದವನು, ಅವನೂ ಆಟದ ಪಾತ್ರಧಾರಿ. ಜಾತ್ರೆ ಕುಸ್ತಿಯಲ್ಲಿ ಜೋಡಿ ಕಟ್ಟುವವರು ಹಿರಿಯ ಉಸ್ತಾದರು. ತೂಕ ನೋಡಿ, ವಯಸ್ಸು ನೋಡಿ, ಇವನ ಕೈಗೆ ಅವನನ್ನು ಕೊಡಬಾರದು ಅಂತ ಹೇಳುವ ಅಧಿಕಾರ ಅವರದು. ಪಂಚರು ಸೀಟಿ ಊದಿದರೆ ಎಂಥ ಪೈಲ್ವಾನನೂ ಕೈ ಬಿಡಬೇಕು. ನಮ್ಮದೇ ಸರಿ ಅಂತ ಎದೆ ತಟ್ಟಿಕೊಳ್ಳುವ ಹಾಗೂ ಇಲ್ಲ. ಅಲ್ಲಿ ನಾನು ಚಿಕ್ಕವನಿದ್ದಾಗ ಆಂಬುಲೆನ್ಸ್ ಕಂಡವನಲ್ಲ. ಭುಜ ಜಾರಿದರೆ ಉಸ್ತಾದರೇ ಕಂಕುಳಿಗೆ ಕಾಲು ಕೊಟ್ಟು ಎಳೆದು ಕೂರಿಸುತ್ತಿದ್ದರು. ಅಜ್ಜನ ಬಲಭುಜ ಕೊನೆಯವರೆಗೂ ಕಿವಿಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಅದು ಯಾಕೆ ಅಂತ ಫಿಸಿಯೋಥೆರಪಿ ಓದಿದ ಮೇಲೆ ನನಗೆ ಗೊತ್ತಾಯಿತು.

ನನಗೆ ಅನ್ನಿಸುವುದು ಇಷ್ಟು. ರೆಸ್ಲರ್‌ಗೆ ಲೈಸೆನ್ಸ್, ಟೈಮ್‌ಕೀಪರ್‌ಗೆ ಲೈಸೆನ್ಸ್ ಅಂತ ಕಾಗದ ಹೆಚ್ಚಿಸಿದರೆ ಸಾಯುವುದು 25 ಡಾಲರಿನ ಈ ಸಣ್ಣ ಶೋಗಳು, ದೊಡ್ಡ ಕಂಪನಿಗೆ ಅದು ಕಡಲೆಪುರಿ. ಆಟದ ಒಳಗೆ ಯಾರು ಗೆಲ್ಲಬೇಕು ಅನ್ನುವುದರಲ್ಲಿ ಸರ್ಕಾರಕ್ಕೆ ಕೆಲಸವಿಲ್ಲ. ಆದರೆ ಪ್ರಮೋಟರ್ ಸಂಬಳ ಕೊಡದ ಒಬ್ಬರು ರಿಂಗಿನ ಪಕ್ಕ ಇರಲಿ, ಅವರು ನಿಲ್ಲಿಸಿ ಅಂದರೆ ನಿಲ್ಲಬೇಕು, ಹಾಡೂ ನಿಲ್ಲಬೇಕು. ಬಾಗಿಲಲ್ಲಿ ಆಂಬುಲೆನ್ಸ್ ಇಲ್ಲದೆ ಗಂಟೆ ಬಾರಿಸುವಂತಿಲ್ಲ ಅಂತ ಆಗಲಿ, ಅದರ ಖರ್ಚು ಟಿಕೆಟ್ಟಿಗೆ ಒಂದೆರಡು ಡಾಲರ್ ಸೇರಿಸಿ ನಮ್ಮಿಂದಲೇ ತಗೊಳ್ಳಲಿ. ಹಣೆ ಕೊಯ್ದುಕೊಂಡು ರಕ್ತ ತೋರಿಸುವ ಆಟ ಆಡುವವರಿಗೆ ರಕ್ತಪರೀಕ್ಷೆ ಕಡ್ಡಾಯ ಆಗಲೇಬೇಕು. ಕೆನಡಾದ ಡೆವನ್ ನಿಕೋಲ್ಸನ್ ಅನ್ನುವ ರೆಸ್ಲರ್, ಎದುರಾಳಿ ‘ಅಬ್ದುಲ್ಲಾ ದ ಬುಚರ್’ ಬಳಸಿದ ಬ್ಲೇಡಿನಿಂದ ತನಗೆ ಹೆಪಟೈಟಿಸ್ ಸಿ ಬಂತು ಅಂತ ದಾವೆ ಹೂಡಿದ. 2014ರಲ್ಲಿ ಒಂಟಾರಿಯೊ ನ್ಯಾಯಾಲಯ 23 ಲಕ್ಷ ಕೆನಡಾ ಡಾಲರ್ ಪರಿಹಾರ ಕೊಡಿ ಅಂತ ತೀರ್ಪಿತ್ತಿತು. ಅದರ ಮುಂದೆ ಒಂದು ರಕ್ತಪರೀಕ್ಷೆಯ ಖರ್ಚು ಎಷ್ಟಾದೀತು?

ಜಹೋರಿಯನ್ ತರಹದ ಡಾಕ್ಟರು ಮತ್ತೆ ಬರುವುದಿಲ್ಲವೇ ಅಂದರೆ ಬರಬಹುದು. ನನ್ನ ವೃತ್ತಿಯಲ್ಲೂ ಬರುತ್ತಾರೆ, ಬಂದವರ ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ. ಆ ನ್ಯೂಜೆರ್ಸಿಯ ಹಾಲಿನಲ್ಲಿ ಕಿತ್ತುಕೊಳ್ಳಲು ಯಾರ ಹತ್ತಿರವೂ ಏನೂ ಇರಲಿಲ್ಲ.

ಇನ್ನು ಹೋಗಬೇಕೆನ್ನುವವರಿಗೆ. ನ್ಯೂಜೆರ್ಸಿ ಶೋಗೆ ಐದರಲ್ಲಿ ಎರಡು ನಕ್ಷತ್ರ, ಎರಡೂ ರೆಸ್ಲರ್‌ಗಳಿಗೆ. ಒಂದು ಆ ಮೊಣಕಾಲಿನ ಹಿರಿಯರಿಗೆ, ಒಂದು ಬಣ್ಣ ಬಳಿದುಕೊಂಡ ಖಳನಿಗೆ. ಟಿಕೆಟ್ ಹಣ ವಾಪಸ್ ಕೇಳಲಿಲ್ಲ, ಪ್ರಮೋಟರ್ ಮಗನ ಕೈಗೆ ಒಂದು ಟೀ ಶರ್ಟ್ ತುರುಕಿದ, ಅದು ಎರಡು ಸೈಜ್ ದೊಡ್ಡದು. ಫಿಲಡೆಲ್ಫಿಯಾದ ಶೋಗೆ ನಾಲ್ಕು. ಒಂದು ಕಳೆದದ್ದು ಶೌಚಾಲಯದ ಸಾಲಿಗೆ, ಮತ್ತೆ ಇಬ್ಬರೂ ಮಾತಾಡುತ್ತಲೇ ಇದ್ದ ನಾಲ್ಕನೇ ಪಂದ್ಯಕ್ಕೆ. ಸದ್ದು ಜೋರು, ಚಿಕ್ಕ ಮಕ್ಕಳಿಗೆ ಕಿವಿಗೆ ಹತ್ತಿ ಇಡಿ. ಬೈಗುಳ ಧಾರಾಳ. ಊರಿಂದ ಅತ್ತೆ ಮಾವ ಬಂದಿದ್ದರೆ ಕರಕೊಂಡು ಹೋಗುವ ಜಾಗ ಅಲ್ಲ.

ಕತ್ತಿಗೆ ಪೆಟ್ಟಾದ ಹುಡುಗ ಮುಂದಿನ ತಿಂಗಳು ಮತ್ತೆ ಅದೇ ನ್ಯೂಜೆರ್ಸಿ ಹಾಲಿನಲ್ಲಿ ಆಡುತ್ತಾನಂತೆ. ಮಗ ಕೇಳುವ ಮುಂಚೆ ನಾನೇ ಟಿಕೆಟ್ ತಗೊಂಡಿದ್ದೇನೆ. ಎರಡನೇ ಸಾಲು, ನಡುದಾರಿಯ ಪಕ್ಕದ ಎರಡು ಕುರ್ಚಿ. ಕ್ಲಿನಿಕ್ಕಿನಿಂದ ಒಂದು ಗಟ್ಟಿ ಕಾಲರ್ ತಂದು ಕಾರಿನ ಡಿಕ್ಕಿಯಲ್ಲಿ ಹಾಕಿಟ್ಟಿದ್ದೇನೆ.